ಉಪ್ಪುನೀರಿನ ಹವಳದ ತೊಟ್ಟಿ: ದೊಡ್ಡ ಕ್ಯಾನಿಸ್ಟರ್ ಕೊಳ್ಳಲೇ, ಸ್ಕಿಮ್ಮರ್ ಹಾಕಲೇ, ಸಂಪ್ ಕಟ್ಟಿಸಲೇ?

ಉಪ್ಪುತೊಟ್ಟಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಸಿಹಿನೀರಿನ ಮೀನು ಸಾಕಿದ ಧೈರ್ಯದ ಮೇಲೆ ಕಳೆದ ವರ್ಷ ಸಮುದ್ರದ ತೊಟ್ಟಿ ಶುರು ಮಾಡಿದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು, ಮರಳು ಕಳೆದರೆ ಸುಮಾರು 200 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಎರಡು ಹಸಿರು ಕ್ರೋಮಿಸ್, ಒಂದು ಕೋಲೆ ಟ್ಯಾಂಗ್, ಒಂದು ಕ್ಲೀನರ್ ಸೀಗಡಿ ಇವೆ. ಹವಳಗಳಲ್ಲಿ ಝೋವಾಂತಿಡ್, ಮಶ್ರೂಮ್ ಮತ್ತು ಒಂದು ಲೆದರ್. ಎಲ್ಲವೂ ಮೆದು ಜಾತಿಯವು.

ಫಿಲ್ಟರ್ ಎಂದರೆ ಹಳೆಯ ಸಿಹಿನೀರಿನ ತೊಟ್ಟಿಯಿಂದ ತಂದ ಕ್ಯಾನಿಸ್ಟರ್ ಒಂದೇ, ತೊಟ್ಟಿಯ ಹೊರಗೆ ನಿಂತು ನೀರು ಸೋಸುವ ಮುಚ್ಚಿದ ಡಬ್ಬ. ಒಳಗೆ ಸ್ಪಂಜು, ಸೆರಾಮಿಕ್ ಉಂಗುರ. ವಾರಕ್ಕೊಮ್ಮೆ ಶೇ 10ರಷ್ಟು ನೀರು ಬದಲಾಯಿಸುತ್ತೇನೆ. ನೀರು ಮನೆಯ ಆರ್‌ಒ ಯಂತ್ರದ್ದು, ಟಿಡಿಎಸ್ (ಕರಗಿದ ಲವಣಗಳ ಅಳತೆ) 70ರ ಆಸುಪಾಸು. ಅಮೋನಿಯಾ, ನೈಟ್ರೈಟ್ ಸೊನ್ನೆ. ನೈಟ್ರೇಟ್ ಮಾತ್ರ ತಿಂಗಳುಗಳಿಂದ 50 ಪಿಪಿಎಂನಲ್ಲೇ (ಲೀಟರಿಗೆ ಮಿಲಿಗ್ರಾಂ) ಕೂತಿದೆ, ಫಾಸ್ಫೇಟ್ 0.3. ಕಲ್ಲಿನ ಮೇಲೆಲ್ಲ ಕೂದಲು ಪಾಚಿ. ಲೆದರ್ ಅರಳುವುದನ್ನೇ ಬಿಟ್ಟಿದೆ.

ಅಂಗಡಿಯವರು ಇನ್ನೂ ದೊಡ್ಡ ಕ್ಯಾನಿಸ್ಟರ್ ತೆಗೆದುಕೊಂಡು ಉಂಗುರಗಳನ್ನು ದುಪ್ಪಟ್ಟು ಮಾಡಿ ಎನ್ನುತ್ತಾರೆ. ಸ್ನೇಹಿತರೊಬ್ಬರು ಸಂಪ್ (ತೊಟ್ಟಿಯ ಕೆಳಗಿಡುವ ಎರಡನೇ ಫಿಲ್ಟರ್ ತೊಟ್ಟಿ) ಇಲ್ಲದೆ ಹವಳದ ತೊಟ್ಟಿಯೇ ಇಲ್ಲ ಎನ್ನುತ್ತಾರೆ. ನನ್ನದು ಬಾಡಿಗೆ ಮನೆ, ಎರಡನೇ ಮಹಡಿ, ಕೆಳಗೆ ಮಾಲೀಕರೇ ಇದ್ದಾರೆ. ನೀರು ಸೋರಿದರೆ ಮೀನಿಗಿಂತ ಮೊದಲು ನಾನು ಹೊರಗೆ! ದುಡ್ಡು ಒಮ್ಮೆ ಹಾಕಬಲ್ಲೆ, ಎರಡು ಸಲ ಆಗುವುದಿಲ್ಲ. ಏನು ಮಾಡಲಿ?

ಸ್ಕಿಮ್ಮರ್ ಭಕ್ತ, ಮೈಸೂರು

ದೊಡ್ಡ ಕ್ಯಾನಿಸ್ಟರ್ ಮಾತ್ರ ಬೇಡ. ಉಂಗುರಗಳಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತವೆ. ಆ ಕೆಲಸ ನಿಮ್ಮಲ್ಲಿ ಈಗಾಗಲೇ ಚೆನ್ನಾಗಿ ನಡೆದಿದೆ, ಅಮೋನಿಯಾ ಸೊನ್ನೆ ಇರುವುದೇ ಸಾಕ್ಷಿ. ಉಂಗುರ ದುಪ್ಪಟ್ಟು ಮಾಡಿದರೆ ಸೊನ್ನೆ ಇನ್ನಷ್ಟು ಸೊನ್ನೆ ಆಗುವುದಿಲ್ಲವಲ್ಲ. ನೈಟ್ರೇಟನ್ನು ಅನಿಲವಾಗಿಸಿ ಹೊರಗೆ ಕಳಿಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಇಲ್ಲದ ಜಾಗ ಬೇಕು. ಅದು ಒಳ್ಳೆಯ ರಂಧ್ರಗಳಿರುವ ಕಲ್ಲಿನ ಆಳದಲ್ಲಿ ಸಿಗುತ್ತದೆ. ಸದಾ ನೀರು ರಭಸವಾಗಿ ಹರಿಯುವ ಡಬ್ಬದಲ್ಲಿ ಅದು ಸಿಗುವುದು ಕಷ್ಟ.

ಸ್ಪಂಜಿನಲ್ಲಿ ಸಿಕ್ಕಿಕೊಂಡ ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಎಲ್ಲವೂ ನೀರಿನೊಳಗೇ ಇದ್ದು ಕೊಳೆಯುತ್ತದೆ. ಅಡುಗೆಮನೆಯ ಕಸದ ಬುಟ್ಟಿಯನ್ನು ಹೊರಗೆ ಸುರಿಯದೆ ಮುಚ್ಚಳ ಮಾತ್ರ ಹಾಕಿದಂತೆ. ಕಣ್ಣಿಗೆ ನೀರು ಸ್ವಚ್ಛ, ಪರೀಕ್ಷೆಯಲ್ಲಿ ನೈಟ್ರೇಟ್ 50.

ಸ್ಕಿಮ್ಮರ್ ಕೆಲಸ ಮಾಡುವ ಜಾಗವೇ ಬೇರೆ. ಕರಗಿದ ಪ್ರೋಟೀನು, ಕೊಬ್ಬಿನಂಥ ಅಣುಗಳ ಒಂದು ತುದಿಗೆ ನೀರು ಬೇಡ. ಅವು ಗಾಳಿಗುಳ್ಳೆಯ ಮೈಗೆ ಅಂಟಿ ಮೇಲೇರಿ ನೊರೆಯಾಗಿ ಬಟ್ಟಲಿಗೆ ಬೀಳುತ್ತವೆ. ಅಮೋನಿಯಾ ಆಗುವ ಮೊದಲೇ ಕೊಳೆಯನ್ನು ನೀರಿನಿಂದ ಹೊರಹಾಕುವ ಯಂತ್ರ ಇದು. ಉಪ್ಪುನೀರಿನಲ್ಲಿ ಗುಳ್ಳೆಗಳು ಸಣ್ಣದಾಗಿ ಉಳಿಯುವುದರಿಂದ ಇದು ಇಲ್ಲಿ ನಡೆಯುತ್ತದೆ, ಸಿಹಿನೀರಿನ ಮನೆ ತೊಟ್ಟಿಯಲ್ಲಿ ನಡೆಯುವುದಿಲ್ಲ. ಮೊದಲು ಒಳ್ಳೆಯ ಸ್ಕಿಮ್ಮರ್, ಉಳಿದದ್ದೆಲ್ಲ ಆಮೇಲೆ.

ಹಳೇ ಗಾಜು, ಬೆಂಗಳೂರು

ಭಕ್ತರು ಹೇಳಿದ್ದರಲ್ಲಿ ಕ್ಯಾನಿಸ್ಟರ್ ವಿಷಯ ಮುಕ್ಕಾಲು ಪಾಲು ಸರಿ. ಆದರೆ "ಮೊದಲು ಸ್ಕಿಮ್ಮರ್" ಎನ್ನುವ ಮಂತ್ರವನ್ನು ಬಹಳ ವರ್ಷಗಳಿಂದ ಕೇಳುತ್ತಿದ್ದೇನೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ 2009ರ ಸುಮಾರಿಗೆ ಹಲವು ಸ್ಕಿಮ್ಮರ್‌ಗಳನ್ನು ಅಳೆದು ನೋಡಿದರು. ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲದಲ್ಲಿ ಅವು ತೆಗೆದದ್ದು ಹೆಚ್ಚುಕಡಿಮೆ ಐದನೇ ಒಂದು ಭಾಗದಿಂದ ಮೂರನೇ ಒಂದು ಭಾಗ. ಅಗ್ಗದ್ದು, ದುಬಾರಿಯದ್ದು ಎಂಬ ಭೇದವೂ ನಾವು ಅಂದುಕೊಂಡಷ್ಟು ಇರಲಿಲ್ಲ. ಉಪಯೋಗವಿಲ್ಲ ಎನ್ನುತ್ತಿಲ್ಲ. ಪವಾಡವಲ್ಲ ಎನ್ನುತ್ತಿದ್ದೇನೆ.

ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲೇ ತಮ್ಮ ಪದ್ಧತಿಯನ್ನು ಬರೆದು ಪ್ರಕಟಿಸಿದ್ದರು. ಸಮುದ್ರದ ಜೀವಂತ ಕಲ್ಲು, ಗಾಳಿಗುಳ್ಳೆ, ಒಳ್ಳೆಯ ಬೆಳಕು, ಅಷ್ಟೇ. ಅವರ ಮನೆಯ ಹತ್ತಿರವೇ ಕಡಲಿತ್ತು ಎನ್ನುವುದು ನಿಜ. ಆದರೂ ಮೆದು ಹವಳದ ತೊಟ್ಟಿಗೆ ಕಡಿಮೆ ಮೀನು, ಕಡಿಮೆ ಆಹಾರ, ನಿಯಮಿತ ನೀರು ಬದಲಾವಣೆ ಸಾಕು. ಐದು ಮೀನಿಗೆ ದಿನಕ್ಕೆಷ್ಟು ಆಹಾರ ಹಾಕುತ್ತೀರಿ? ಅದನ್ನು ಮೊದಲು ಹೇಳಿ.

ಉಪ್ಪುತೊಟ್ಟಿ, ಬೆಂಗಳೂರು

ಬೆಳಿಗ್ಗೆ ಕಾಳು ಆಹಾರ ಒಂದು ಚಿಟಿಕೆ. ಸಂಜೆ ಮಗಳು ಶಾಲೆಯಿಂದ ಬಂದು ಒಂದು ಚಿಟಿಕೆ. ರಾತ್ರಿ ಅರ್ಧ ಕ್ಯೂಬ್ ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿಗಳ ಫ್ರೋಜನ್ ಆಹಾರ). ಮಗಳ ಚಿಟಿಕೆ ಎಷ್ಟು ದೊಡ್ಡದು ಎಂದು ನನಗೂ ತಿಳಿಯದು ಸರ್.

ಲೆಕ್ಕದ ಪುಸ್ತಕ, ಹುಬ್ಬಳ್ಳಿ

ಎಲ್ಲರೂ ಯಂತ್ರದ ಹೆಸರು ಹೇಳುವ ಮುಂಚೆ ಸ್ವಲ್ಪ ಲೆಕ್ಕ ಮಾಡೋಣ. ನೈಟ್ರೇಟ್ ತಿಂಗಳುಗಳಿಂದ 50ರಲ್ಲೇ ನಿಂತಿದೆ ಎಂದಿರಿ. ಏರುತ್ತಿಲ್ಲ, ಇಳಿಯುತ್ತಿಲ್ಲ. ಅಂದರೆ ಬರುವುದು, ಹೋಗುವುದು ಸಮವಾಗಿದೆ. ಶೇ 10 ನೀರು ತೆಗೆದಾಗ 50ರಲ್ಲಿ 5 ಹೋಗುತ್ತದೆ. ಮುಂದಿನ ವಾರಕ್ಕೆ ಮತ್ತೆ 50 ಆಗಿದ್ದರೆ ನಿಮ್ಮ ತೊಟ್ಟಿಯಲ್ಲಿ ವಾರಕ್ಕೆ 5 ಪಿಪಿಎಂ ನೈಟ್ರೇಟ್ ಹುಟ್ಟುತ್ತಿದೆ. ಬೇರೆ ಏನನ್ನೂ ಅಳೆಯದೆ ಇಷ್ಟು ತಿಳಿಯುತ್ತದೆ.

ಈಗ ಅದೇ ತೊಟ್ಟಿಯಲ್ಲಿ ವಾರಕ್ಕೆ ಶೇ 20 ಬದಲಾಯಿಸಿದರೆ? ವಾರದ ಹೆಚ್ಚಳವನ್ನು ಬದಲಾಯಿಸುವ ಪಾಲಿನಿಂದ ಭಾಗಿಸಿ: 5 ಭಾಗ 0.2, ಅಂದರೆ 25. ನೀರು ಬದಲಾಯಿಸುವ ಮುನ್ನ 25, ಬದಲಾಯಿಸಿದ ಮೇಲೆ 20. ಅಲ್ಲಿಗೆ ಬಂದು ನಿಲ್ಲುತ್ತದೆ. ಹುಟ್ಟುವುದನ್ನೂ ಅರ್ಧ ಮಾಡಿದರೆ 12ರ ಹತ್ತಿರ. ಮೆದು ಹವಳಕ್ಕೆ ಅದು ಬೇಕಾದಷ್ಟಾಯಿತು.

ಹುಟ್ಟುವುದು ಎಲ್ಲಿಂದ? ಕಾಳು ಆಹಾರದಲ್ಲಿ ಶೇ 45 ಪ್ರೋಟೀನ್ ಇದೆ ಎಂದುಕೊಳ್ಳಿ. ಪ್ರೋಟೀನಿನ ಶೇ 16ರಷ್ಟು ಸಾರಜನಕ. ಒಂದು ಗ್ರಾಂ ಆಹಾರದಲ್ಲಿ 72 ಮಿಲಿಗ್ರಾಂ ಸಾರಜನಕ. ಅಷ್ಟೂ ನೈಟ್ರೇಟ್ ಆದರೆ ಸುಮಾರು 320 ಮಿಲಿಗ್ರಾಂ. 200 ಲೀಟರಿಗೆ ಹಂಚಿದರೆ 1.6 ಪಿಪಿಎಂ. ಒಂದು ಭಾಗ ಮೀನಿನ ಮೈಗೂ ಪಾಚಿಗೂ ಹೋಗುತ್ತದೆ, ಆದರೂ ವಾರಕ್ಕೆ 5 ಪಿಪಿಎಂ ಎಂದರೆ ಮೂರು ಗ್ರಾಂ ಆಹಾರದ ಸುತ್ತಮುತ್ತಲಿನ ಮಾತು. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಅಗ್ಗವಾಗಿ ಸಿಗುತ್ತದೆ. ಮಗಳ ಚಿಟಿಕೆಯನ್ನು ಒಂದು ವಾರ ತೂಗಿ. ನಿಮ್ಮ ಮನೆಯ ಅತ್ಯಂತ ಅಗ್ಗದ ಫಿಲ್ಟರ್ ಅದೇ.

ಸ್ಕಿಮ್ಮರ್ ಭಕ್ತ, ಮೈಸೂರು

ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದರೆ ಟ್ಯಾಂಗ್ ಮೀನನ್ನು ಹಸಿವಿನಲ್ಲಿಟ್ಟು ನೈಟ್ರೇಟ್ ಇಳಿಸುವುದು ಸಾಧನೆಯಲ್ಲ. ಅದು ಇಡೀ ದಿನ ಮೇಯುವ ಮೀನು. ಬೇಕಾದಷ್ಟು ತಿನ್ನಿಸಿ ಕೊಳೆಯನ್ನು ಹೊರಗೆ ಹಾಕುವುದು ಸರಿಯಾದ ದಾರಿ.

ಕಡಲತಡಿ, ಮಂಗಳೂರು

ನಾನು ರಸಾಯನಶಾಸ್ತ್ರ ಪಾಠ ಮಾಡುವವಳು, ಹಾಗಾಗಿ ಎಲ್ಲರೂ ದಾಟಿಹೋದ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು: ಆರ್‌ಒ ನೀರಿನ ಟಿಡಿಎಸ್ 70. ಅದು ಹವಳದ ತೊಟ್ಟಿಯ ನೀರಲ್ಲ, ಕುಡಿಯುವ ನೀರು. ಮನೆಯ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ, ಕೆಲವದರಲ್ಲಿ ಖನಿಜ ಸೇರಿಸುವ ಕಾರ್ಟ್ರಿಜ್ ಕೂಡ. ನಿಮ್ಮದು ಬೋರ್‌ವೆಲ್ ನೀರೇ, ಕಾವೇರಿಯೇ?

ಬೋರ್‌ವೆಲ್ ಆದರೆ ಅದರಲ್ಲೇ ನೈಟ್ರೇಟ್ ಇರಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ, ಎಷ್ಟೋ ಬೋರ್‌ವೆಲ್‌ಗಳು ಅದನ್ನೂ ಮೀರುತ್ತವೆ. ಆರ್‌ಒ ಪೊರೆ ಉಳಿದ ಲವಣಗಳನ್ನು ತಡೆದಷ್ಟು ಚೆನ್ನಾಗಿ ನೈಟ್ರೇಟನ್ನು ತಡೆಯುವುದಿಲ್ಲ. ಮೇಲೆ ಕಚ್ಚಾ ನೀರು ಬೆರೆತರೆ ಕೇಳುವುದೇ ಬೇಡ. ಲೆಕ್ಕದ ಪುಸ್ತಕದವರು ಹೊಸ ನೀರಿನಲ್ಲಿ ನೈಟ್ರೇಟ್ ಸೊನ್ನೆ ಎಂದುಕೊಂಡು ಲೆಕ್ಕ ಹಾಕಿದ್ದಾರೆ. ಉಪ್ಪು ಬೆರೆಸುವ ಮುನ್ನ ಆ ನೀರನ್ನೇ ಪರೀಕ್ಷಿಸಿ. ಫಾಸ್ಫೇಟನ್ನೂ ನೋಡಿ. ಸಿಲಿಕೇಟ್ ಇದ್ದರೆ ಗಾಜಿನ ಮೇಲೆ ಕಂದು ಪುಡಿಯಂಥ ಡಯಾಟಮ್ ಪಾಚಿ ಬರುತ್ತಿರಬೇಕು.

ಉಪ್ಪುತೊಟ್ಟಿ, ಬೆಂಗಳೂರು

ಮೇಡಂ, ಈಗ ತಾನೇ ನೋಡಿದೆ. ಕಟ್ಟಡಕ್ಕೆ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಕಚ್ಚಾ ನೀರು ಟಿಡಿಎಸ್ 900ಕ್ಕೂ ಹೆಚ್ಚು. ಮನೆಯ ಆರ್‌ಒ ನೀರಿನಲ್ಲೇ ನೈಟ್ರೇಟ್ 10 ತೋರಿಸುತ್ತಿದೆ! ಗಾಜಿನ ಮೇಲೆ ಕಂದು ಪುಡಿಯೂ ಇದೆ. ಕಟ್ಟಡದಲ್ಲಿ ನೀರು ಮೆದು ಮಾಡುವ ಯಂತ್ರವಿದೆ, ಅದರಿಂದ ತೊಂದರೆಯೇ?

ಲೆಕ್ಕದ ಪುಸ್ತಕ, ಹುಬ್ಬಳ್ಳಿ

ಹಾಗಾದರೆ ಲೆಕ್ಕ ತಿದ್ದಬೇಕು. ಶೇ 10 ತೆಗೆದಾಗ 5 ಹೋಗುತ್ತದೆ, ಹೊಸ ನೀರಿನೊಂದಿಗೆ 1 ವಾಪಸು ಬರುತ್ತದೆ. ತೊಟ್ಟಿಯಲ್ಲಿ ಹುಟ್ಟುವುದು 4. ಅಂದರೆ ನಿಮ್ಮ ಸಮಸ್ಯೆಯ ಐದನೇ ಒಂದು ಭಾಗವನ್ನು ನೀವೇ ಬಕೆಟ್‌ನಲ್ಲಿ ಹೊತ್ತು ತಂದು ಸುರಿಯುತ್ತಿದ್ದೀರಿ. ಆವಿಯಾದ ನೀರಿಗೆ ಬದಲಾಗಿ ತುಂಬುವುದೂ ಅದೇ ನೀರಲ್ಲವೇ? ಅದರ ಪಾಲನ್ನೂ ಕಳೆದರೆ ತೊಟ್ಟಿಯಲ್ಲಿ ಹುಟ್ಟುವುದು ಇನ್ನೂ ಕಡಿಮೆ. ಮೇಡಂ ಹಿಡಿದದ್ದು ಸರಿಯಾದ ಬಾಲ.

ಕಡಲತಡಿ, ಮಂಗಳೂರು

ಮೆದು ಮಾಡುವ ಯಂತ್ರದಿಂದ ತೊಂದರೆಯಿಲ್ಲ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಆರ್‌ಒ ಪೊರೆಯ ಮೇಲೆ ಗಸಿ ಕಟ್ಟುವುದು ಕಡಿಮೆಯಾಗುತ್ತದೆ. ಆದರೆ ಅದರಿಂದ ಟಿಡಿಎಸ್ ಇಳಿಯುವುದಿಲ್ಲ, ನೈಟ್ರೇಟ್ ಹೋಗುವುದಿಲ್ಲ.

ನಿಮಗೆ ಬೇಕಾದದ್ದು ಕಂಟ್ರೋಲರ್ ಇಲ್ಲದ ಆರ್‌ಒ, ಅದರ ನಂತರ ಡಿಐ (ಡಿಅಯಾನೈಸಿಂಗ್) ರಾಳದ ಕಾರ್ಟ್ರಿಜ್. ಒಳ್ಳೆಯ ಪೊರೆ ಶೇ 95ರಿಂದ 98 ತಡೆದರೂ 900ರಲ್ಲಿ 18ರಿಂದ 45 ದಾಟಿ ಬರುತ್ತದೆ. ಉಳಿದದ್ದನ್ನು ರಾಳ ಹಿಡಿದು ಸೊನ್ನೆಗೆ ತರಬೇಕು. ಬಣ್ಣ ಬದಲಾಯಿಸುವ ರಾಳ ತೆಗೆದುಕೊಂಡರೆ ಮುಗಿಯುತ್ತಿರುವುದು ಕಣ್ಣಿಗೆ ಕಾಣುತ್ತದೆ. ಬೋರ್‌ವೆಲ್ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚು. ಅದು ಪೊರೆಯನ್ನು ಸಲೀಸಾಗಿ ದಾಟಿ ರಾಳವನ್ನು ಬೇಗ ಸುಟ್ಟುಹಾಕುತ್ತದೆ, ಟಿಡಿಎಸ್ ಮೀಟರಿಗೂ ಸರಿಯಾಗಿ ಸಿಗುವುದಿಲ್ಲ. ಆರ್‌ಒ ನೀರನ್ನು ಡ್ರಮ್ಮಿನಲ್ಲಿ ಹಿಡಿದು ರಾತ್ರಿಯಿಡೀ ಗಾಳಿಗುಳ್ಳೆ ಬಿಟ್ಟು, ಆಮೇಲೆ ಸಣ್ಣ ಪಂಪಿನಿಂದ ಡಿಐ ಮೂಲಕ ಹಾಯಿಸಿ. ರಾಳ ಎಷ್ಟೋ ಹೆಚ್ಚು ಬಾಳಿಕೆ ಬರುತ್ತದೆ. ಆರ್‌ಒ ಹೊರಚೆಲ್ಲುವ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಹಿಡಿದಿಡಿ. ಬೆಂಗಳೂರಿನಲ್ಲಿ ಅದನ್ನು ಚರಂಡಿಗೆ ಬಿಡಲು ಮನಸ್ಸಾದರೂ ಹೇಗೆ ಬರುತ್ತದೆ?

ಉಪ್ಪುತೊಟ್ಟಿ, ಬೆಂಗಳೂರು

ಡ್ರಮ್ಮಿನ ಉಪಾಯ ಮಾಡುತ್ತೇನೆ ಮೇಡಂ. ಇನ್ನೊಂದು ವಿಷಯ. ಕಲ್ಲಿನ ಆಳದಲ್ಲಿ ನೈಟ್ರೇಟ್ ಹೋಗುತ್ತದೆ ಎಂದರು. ನನ್ನಲ್ಲಿ ಕಲ್ಲು ಕಡಿಮೆ ಇದೆ. ಪರಿಚಯದವರೊಬ್ಬರು ಮುರುಡೇಶ್ವರದ ಕಡೆಯವರು, ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ಹೋಗುತ್ತಾರೆ. ಎರಡು ಕಲ್ಲು ತರಿಸಿದರೆ ಆಗದೇ? ಮಂಗಳೂರಿನಿಂದ ಸಮುದ್ರದ ನೀರೂ ತರಿಸಬಹುದೇ?

ನಿರ್ವಾಹಕ

ಕಲ್ಲಿನ ವಿಷಯಕ್ಕೆ ಇಲ್ಲೇ ಪೂರ್ಣವಿರಾಮ. ಬಂಡೆ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸಮುದ್ರ ಕುದುರೆ, ಸಮುದ್ರ ಸೌತೆಯೂ ಹಾಗೆಯೇ. ನೇತ್ರಾಣಿ ಇರಲಿ, ಲಕ್ಷದ್ವೀಪವಿರಲಿ, ಮನ್ನಾರ್ ಕೊಲ್ಲಿ ಇರಲಿ, ಹವಳದ ತುಂಡನ್ನು ಎತ್ತುವುದು ಅಪರಾಧ. ಸತ್ತ ಹವಳದ ಕಲ್ಲೂ ಹವಳವೇ. "ಪರಿಚಯದವರು ತಂದುಕೊಡುತ್ತಾರೆ" ಎನ್ನುವ ಮಾತು ಈ ವೇದಿಕೆಯಲ್ಲಿ ಮುಂದುವರಿಯುವುದಿಲ್ಲ. ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಅಥವಾ ಸಿಮೆಂಟಿನ ಕಲ್ಲು ಕೊಳ್ಳಿ. ಅದಕ್ಕೆ ಜೀವ ಬರಲು ತಿಂಗಳುಗಳು ಹಿಡಿಯುತ್ತವೆ, ಬರುತ್ತದೆ. ಅಂಗಡಿಯಲ್ಲಿ ಕೊಳ್ಳುವ ಪ್ರಾಣಿಗಳಿಗೂ ಆಮದಿನ ಕಾಗದ ಪತ್ರ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಕಡಲತಡಿ, ಮಂಗಳೂರು

ನೀರಿನ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿಯೇ ಇರುವ ನಾನೇ ವರ್ಷಪೂರ್ತಿ ಕಡಲ ನೀರು ಬಳಸುವುದಿಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ತುಂಬಿ ಬಂದು ದಡದ ಹತ್ತಿರದ ನೀರಿನ ಉಪ್ಪು ಇಳಿದುಹೋಗುತ್ತದೆ, ಕೆಸರು ಬೇರೆ. ಆ ತಿಂಗಳುಗಳಲ್ಲೇ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲಕ್ಕೆ ಬರುತ್ತದೆ. ಮೀನಿಗೆ ಅದು ಹಬ್ಬ, ನಮ್ಮ ತೊಟ್ಟಿಗೆ ಪಾಚಿ. ಜನವರಿಯ ಮೇಲೆ, ದಡದಿಂದ ಸಾಕಷ್ಟು ದೂರ ಹೋಗುವ ದೋಣಿಯವರು ತಂದುಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತೇನೆ. ಬಟ್ಟೆಯಲ್ಲಿ ಸೋಸಿ, ಕತ್ತಲಲ್ಲಿ ಗಾಳಿ ಬಿಟ್ಟು ಕೆಲ ದಿನ ಇಟ್ಟು, ಉಪ್ಪು ಅಳೆದು ಬಳಸುತ್ತೇನೆ. ಬೆಂಗಳೂರಿಗೆ ಘಟ್ಟ ಹತ್ತಿಸಿ ಸಾಗಿಸುವ ಖರ್ಚಿನಲ್ಲಿ ನಿಮಗೆ ಉಪ್ಪಿನ ಡಬ್ಬವೇ ಬಂದುಬಿಡುತ್ತದೆ.

ದುಬೈ ಕನ್ನಡಿಗ

ಇಲ್ಲಿ ತಲೆಕೆಳಗು. ನಮ್ಮ ಕೊಲ್ಲಿಯ ನೀರಿನಲ್ಲಿ ಉಪ್ಪು ಸಾವಿರಕ್ಕೆ 40ರಷ್ಟು, ತೊಟ್ಟಿಗೆ ಬೇಕಾದದ್ದು 35. ಆರ್‌ಒ ನೀರು ಬೆರೆಸಿ ತೆಳು ಮಾಡಬೇಕು.

ಸಂಪ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ನಾನು ಸಂಪ್ ಪಕ್ಷ. ಸ್ಕಿಮ್ಮರ್, ಹೀಟರ್, ನೀರು ಅಳೆಯುವ ಪ್ರೋಬ್ ಎಲ್ಲ ಕೆಳಗೆ ಅಡಗುತ್ತವೆ, ನೀರಿನ ಒಟ್ಟು ಪ್ರಮಾಣ ಹೆಚ್ಚುತ್ತದೆ. ಮೇಲಿಂದ ಬೀಳುವ ನೀರಿಗೆ 200 ಮೈಕ್ರಾನ್ ಚೀಲ ಕಟ್ಟಿದರೆ ಕಸ ಕೊಳೆಯುವ ಮೊದಲೇ ಕೈಗೆ ಸಿಗುತ್ತದೆ. ಆದರೆ ಮೂರು ನಾಲ್ಕು ದಿನಕ್ಕೊಮ್ಮೆ ಚೀಲ ಬದಲಿಸಬೇಕು. ಬದಲಿಸದಿದ್ದರೆ ಅದೂ ಮತ್ತೊಂದು ಕ್ಯಾನಿಸ್ಟರ್. ಒಗೆಯುವ ಬೇಸರ ತಾಳಲಾರದೆ ನಾನು ರೋಲರ್ ಹಾಕಿಸಿದೆ. ಬಟ್ಟೆಯ ಸುರುಳಿ ಕೊಳೆಯಾದಂತೆ ತಾನೇ ಮುಂದೆ ಸರಿಯುತ್ತದೆ. ಯಂತ್ರ ದುಬಾರಿ, ಸುರುಳಿಯ ಖರ್ಚು ನಿಲ್ಲುವುದಿಲ್ಲ. ಆದರೂ ಫಿಲ್ಟರ್‌ಗೆಂದು ಕೊಟ್ಟ ಹಣದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ಅದೇ. ಅದು ಬಂದ ಮೇಲೆ ಸ್ಕಿಮ್ಮರ್ ಬಟ್ಟಲು ತುಂಬುವುದೂ ಕಡಿಮೆಯಾಗಿದೆ.

ಹಳೇ ಗಾಜು, ಬೆಂಗಳೂರು

ಅವರಿರುವುದು ಬಾಡಿಗೆ ಮನೆ, ಎರಡನೇ ಮಹಡಿ. ತೊಟ್ಟಿಗೆ ತೂತು ಕೊರೆದಿಲ್ಲ. ಮೀನು ತುಂಬಿದ ತೊಟ್ಟಿಗೆ ಈಗ ಕೊರೆಯುವ ಮಾತು ಆಡಬಾರದು. ಟಫನ್ ಮಾಡಿದ ಗಾಜಾದರೆ ಡ್ರಿಲ್ ತಾಗಿದ ಕ್ಷಣಕ್ಕೆ ಪುಡಿಪುಡಿ. ಉಳಿದದ್ದು ಅಂಚಿಗೆ ನೇತುಹಾಕುವ ಓವರ್‌ಫ್ಲೋ ಡಬ್ಬ. ಅದು ಸೈಫನ್ ನಂಬಿ ನಿಂತಿದೆ. ಕರೆಂಟ್ ಹೋಗಿ ಬಂದಾಗ ಸೈಫನ್ ಹಿಡಿಯದಿದ್ದರೆ ಕೆಳಗಿನ ಪಂಪ್ ಸಂಪಿನ ನೀರನ್ನೆಲ್ಲ ಮೇಲೆ ತಳ್ಳುತ್ತದೆ, ಮೇಲಿನದು ಉಕ್ಕಿ ನೆಲಕ್ಕೆ. ದಿನಕ್ಕೆರಡು ಸಲ ಕರೆಂಟ್ ಹೋಗುವ ಬಡಾವಣೆಯಲ್ಲಿ ಇದನ್ನು ಹಾಕಿ ನಿದ್ದೆ ಮಾಡುವವರನ್ನು ನಾನು ಕಂಡಿಲ್ಲ.

ಕೊರೆದ ತೊಟ್ಟಿಗೂ ಒಂದು ಲೆಕ್ಕವಿದೆ. ಕರೆಂಟ್ ಹೋದಾಗ, ಸಂಪಿನಿಂದ ನೀರು ಮೇಲೆ ತರುವ ವಾಪಸು ಕೊಳವೆಯ ಬಾಯಿ ನೀರಿನಿಂದ ಹೊರಬರುವವರೆಗೆ ನೀರು ಕೆಳಗಿಳಿಯುತ್ತಲೇ ಇರುತ್ತದೆ. ನಿಮ್ಮ ತೊಟ್ಟಿಯಲ್ಲಿ 120 ಸೆಂಟಿಮೀಟರ್ ಉದ್ದ, 45 ಅಗಲ. ಕೊಳವೆ 2 ಸೆಂಟಿಮೀಟರ್ ಮುಳುಗಿದ್ದರೆ ಸುಮಾರು 11 ಲೀಟರ್, 5 ಮುಳುಗಿದ್ದರೆ 27 ಲೀಟರ್. ಅಷ್ಟಕ್ಕೂ ಸಂಪಿನಲ್ಲಿ ಖಾಲಿ ಜಾಗ ಬೇಕು, ಸ್ಕಿಮ್ಮರಿನೊಳಗಿನ ನೀರು ಬೇರೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇದೆಯಲ್ಲ ಎನ್ನುತ್ತಾರೆ. ಒಂದು ಬಸವನಹುಳು ಸಿಕ್ಕಿಕೊಂಡರೆ ಆ ವಾಲ್ವ್ ಮುಚ್ಚುವುದಿಲ್ಲ. ಕೊಳವೆಯಲ್ಲಿ ನೀರಿನ ಮಟ್ಟದ ಕೆಳಗೇ ಗಾಳಿ ಎಳೆಯುವ ಸಣ್ಣ ತೂತು ಕೊರೆದು, ಅದನ್ನು ಆಗಾಗ ಶುಚಿ ಮಾಡುವುದು ಉತ್ತಮ.

ಸ್ಕಿಮ್ಮರ್ ಭಕ್ತ, ಮೈಸೂರು

ಹಾಗಾದರೆ ದಾರಿ ತಾನೇ ಕಾಣಿಸಿತಲ್ಲ! ಹಿಂಬದಿಗೆ ನೇತುಹಾಕುವ ಸ್ಕಿಮ್ಮರ್. ತೂತು ಬೇಡ, ಸಂಪ್ ಬೇಡ. ಡಬ್ಬದ ಮೇಲೆ "500 ಲೀಟರ್ ತನಕ" ಎಂದು ಬರೆದದ್ದನ್ನು ಪೂರ್ತಿ ನಂಬಬೇಡಿ, ಅದು ಮೀನು ತೀರಾ ಕಡಿಮೆ ಇರುವ ತೊಟ್ಟಿಯ ಲೆಕ್ಕ. 200 ಲೀಟರಿಗೆ 300ರಿಂದ 400 ಲೀಟರ್ ಎಂದು ಬರೆದದ್ದು ಸರಿಹೋಗುತ್ತದೆ. ಇನ್ನೂ ದೊಡ್ಡದು ತಂದರೆ ನೊರೆಗೆ ಬೇಕಾದಷ್ಟು ಕೊಳೆಯೇ ಇರುವುದಿಲ್ಲ, ಒಂದು ದಿನ ಕೆಲಸ ಮಾಡಿ ಎರಡು ದಿನ ಸುಮ್ಮನಿರುತ್ತದೆ. ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಕತ್ತರಿಸುವ ಮುಳ್ಳುಚಕ್ರದ (ನೀಡಲ್ ವೀಲ್) ಪಂಪ್ ಇರುವುದನ್ನೇ ಕೊಳ್ಳಿ, ಬಿಡಿಭಾಗ ನಮ್ಮ ದೇಶದಲ್ಲಿ ಸಿಗುತ್ತದೆಯೇ ಎಂದು ಕೇಳಿ. ಪಂಪ್ ಕೆಟ್ಟರೆ ಉಳಿದದ್ದು ಪ್ಲಾಸ್ಟಿಕ್ ಕೊಳವೆ.

ಇನ್ನೊಂದು ಲಾಭ: ಗಂಟೆಗೆ ನೂರಾರು ಲೀಟರ್ ಗಾಳಿ ಎಳೆಯುವುದರಿಂದ ಆಮ್ಲಜನಕ ಸಿಗುತ್ತದೆ, ರಾತ್ರಿ ಪಿಎಚ್ ಅಷ್ಟಾಗಿ ಇಳಿಯುವುದಿಲ್ಲ.

ದುಬೈ ಕನ್ನಡಿಗ

ಪಿಎಚ್ ಮಾತು ಎಳೆಯುವ ಗಾಳಿಯ ಮೇಲೆ ನಿಂತಿದೆ. ಎಸಿ ಹಾಕಿ ಎಲ್ಲ ಮುಚ್ಚಿದ ನಮ್ಮ ಮನೆಯಲ್ಲಿ ಗಾಳಿಯಲ್ಲೇ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಸ್ಕಿಮ್ಮರ್ ಅದನ್ನೇ ನೀರಿಗೆ ತುಂಬುತ್ತಿತ್ತು. ಗಾಳಿಯ ನಳಿಕೆಯನ್ನು ಕಿಟಕಿಯಾಚೆ ಹಾಕಿದ ಮೇಲೆ ಸರಿಹೋಯಿತು. ಬೆಂಗಳೂರಿನಲ್ಲಿ ಕಿಟಕಿ ತೆರೆದರೆ ಸಾಕು, ಪುಣ್ಯವಂತರು.

ಉಪ್ಪುತೊಟ್ಟಿ, ಬೆಂಗಳೂರು

ಸಂಪ್ ಆಸೆ ಸ್ವಂತ ಮನೆಯವರೆಗೆ ಬಿಟ್ಟೆ. ನೇತುಹಾಕುವ ಸ್ಕಿಮ್ಮರ್ ಎಂದು ತೀರ್ಮಾನಿಸುತ್ತಿದ್ದೇನೆ. ಹಾಗಾದರೆ ಕ್ಯಾನಿಸ್ಟರ್ ಮಾರಿಬಿಡಲೇ? ಫಾಸ್ಫೇಟ್ 0.3 ಇದೆಯಲ್ಲ, ಅದಕ್ಕೆ ಕಬ್ಬಿಣದ ಹರಳು ಹಾಕಬೇಕೇ? ವೋಡ್ಕಾ ಹಾಕುವವರೂ ಇದ್ದಾರಂತೆ. ಮನೆಯಲ್ಲಿ ಅದನ್ನು ವಿವರಿಸುವುದು ಹೇಗೋ ತಿಳಿಯದು.

ಕಡಲತಡಿ, ಮಂಗಳೂರು

ಕ್ಯಾನಿಸ್ಟರ್ ಮಾರಬೇಡಿ, ಒಮ್ಮೆಲೇ ಖಾಲಿಯೂ ಮಾಡಬೇಡಿ. ನಿಮ್ಮ ಬ್ಯಾಕ್ಟೀರಿಯಾಗಳಲ್ಲಿ ದೊಡ್ಡ ಪಾಲು ಅಲ್ಲೇ ಇದೆ, ಕಲ್ಲೂ ಕಡಿಮೆ ಎಂದಿರಿ. ಮೊದಲು ಹೊಸ ಕಲ್ಲು ಹಾಕಿ. ಅದು ಪಳಗುತ್ತಾ ಬಂದಂತೆ ಉಂಗುರಗಳನ್ನು ಒಂದೊಂದು ಹಿಡಿಯಂತೆ ತೆಗೆಯಿರಿ, ಪ್ರತಿ ಸಲವೂ ಅಮೋನಿಯಾ ನೋಡಿ. ಕೊನೆಗೆ ಅದರಲ್ಲಿ ತೆಳುವಾದ ಫಿಲ್ಟರ್ ಹತ್ತಿ ಮತ್ತು ಒಂದು ಚೀಲ ಆಕ್ಟಿವೇಟೆಡ್ ಇದ್ದಿಲು ಮಾತ್ರ ಇರಲಿ. ಹತ್ತಿಯನ್ನು ವಾರವಾರ ಎಸೆಯಿರಿ. ಇದ್ದಿಲು ನಿಮಗೆ ಬೇಕೇ ಬೇಕು. ಲೆದರ್ ಹವಳ ಪಕ್ಕದವರನ್ನು ಹತ್ತಿಕ್ಕಲು ಟರ್ಪೀನ್ ಜಾತಿಯ ವಿಷ ಬಿಡುತ್ತದೆ, ಅದನ್ನು ಸ್ಕಿಮ್ಮರಿಗಿಂತ ಇದ್ದಿಲು ಚೆನ್ನಾಗಿ ಹೀರುತ್ತದೆ. ನೀರಿನ ಹಳದಿ ಬಣ್ಣವೂ ಹೋಗುತ್ತದೆ. ಪುಡಿ ಹೋಗುವವರೆಗೆ ತೊಳೆದು ಹಾಕಿ.

ಒಂದು ಎಚ್ಚರಿಕೆ: ಕರೆಂಟ್ ಹೋಗಿ ಕ್ಯಾನಿಸ್ಟರ್ ಗಂಟೆಗಟ್ಟಲೆ ನಿಂತರೆ ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ. ಮತ್ತೆ ಶುರುವಾದಾಗ ಆ ಕೊಳೆತ ನೀರು ನೇರ ಮೀನಿನ ಮೇಲೆ. ಮನೆಯ ಯುಪಿಎಸ್‌ಗೆ ಮೊದಲು ನೀರು ತಿರುಗಿಸುವ ಪಂಪ್, ಆಮೇಲೆ ಕ್ಯಾನಿಸ್ಟರ್ ಜೋಡಿಸಿ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದು ಇರಲಿ.

ಫಾಸ್ಫೇಟ್ ವಿಷಯದಲ್ಲಿ ಅವಸರ ಬೇಡ. ನಿಮ್ಮ ಕಲ್ಲು, ಮರಳು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದರೆ ಇಷ್ಟು ದಿನ ಫಾಸ್ಫೇಟನ್ನು ಮೈಗೆ ಹಿಡಿದುಕೊಂಡಿವೆ. ನೀರಿನಲ್ಲಿ ಇಳಿಸಿದರೆ ಅವು ಬಿಡುತ್ತವೆ, ಮತ್ತೆ ಏರುತ್ತದೆ. ಕಬ್ಬಿಣದ ಹರಳು ಕೆಲಸ ಮಾಡಿಲ್ಲ ಎಂದುಕೊಂಡು ಜನ ದುಪ್ಪಟ್ಟು ಹಾಕುತ್ತಾರೆ. ಒಂದು ದಿನ ಥಟ್ಟನೆ ಸೊನ್ನೆಯಾಗಿ ಹವಳ ಬಿಳಿಚಿಕೊಳ್ಳುತ್ತದೆ. ಡಬ್ಬದ ಮೇಲಿನ ಅಳತೆಯ ಕಾಲು ಭಾಗದಿಂದ ಶುರು ಮಾಡಿ, 0.1ರ ಹತ್ತಿರ ಬಂದರೆ ನಿಲ್ಲಿಸಿ.

ಹಳೇ ಗಾಜು, ಬೆಂಗಳೂರು

ಮೇಡಂ ಹೇಳಿದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಹೊಸಬರು ಕೊಳೆ ನೀರಿನಿಂದ ಕಳೆದುಕೊಂಡದ್ದಕ್ಕಿಂತ ಹೆಚ್ಚು ಹವಳವನ್ನು ಅತಿ ಸ್ವಚ್ಛ ನೀರಿನಿಂದ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ ಆದ ತೊಟ್ಟಿಯಲ್ಲಿ ಕಂದು ಲೋಳೆಯಂತೆ ಡೈನೋಫ್ಲಾಜಲೇಟ್ ಎಂಬ ಸೂಕ್ಷ್ಮಜೀವಿ ಬಂದು ಕೂರುತ್ತದೆ. ಅದರ ಮುಂದೆ ಕೂದಲು ಪಾಚಿ ಸಾಧುಪ್ರಾಣಿ. ನೈಟ್ರೇಟ್ 5ರಿಂದ 15, ಫಾಸ್ಫೇಟ್ 0.05ರಿಂದ 0.1 ಇದ್ದರೆ ಮೆದು ಹವಳ ಖುಷಿಯಾಗಿರುತ್ತದೆ.

ವೋಡ್ಕಾ, ವಿನೆಗರ್ ಎರಡೂ ಬ್ಯಾಕ್ಟೀರಿಯಾಗಳಿಗೆ ಇಂಗಾಲದ ಊಟ. ಅವು ಬೆಳೆಯುತ್ತಾ ನೈಟ್ರೇಟ್, ಫಾಸ್ಫೇಟ್ ತಿನ್ನುತ್ತವೆ, ಸ್ಕಿಮ್ಮರ್ ಅವನ್ನು ಹೊರಹಾಕುತ್ತದೆ. ಅಳತೆ ತಪ್ಪಿದರೆ ನೀರು ಹಾಲಿನಂತಾಗಿ ರಾತ್ರಿ ಆಮ್ಲಜನಕ ಕುಸಿಯುತ್ತದೆ. ಆಗಲೇ ಕರೆಂಟೂ ಹೋದರೆ ಮುಗಿಯಿತು. ನಿಮ್ಮ ಹಂತಕ್ಕೆ ಬೇಡ. ಮನೆಯಲ್ಲಿ ವಿವರಿಸುವ ಕಷ್ಟವೂ ತಪ್ಪಿತು.

ಸ್ಕಿಮ್ಮರ್ ಭಕ್ತ, ಮೈಸೂರು

ಕೀಟೋಮಾರ್ಫಾ ಪಾಚಿಯ ಡಬ್ಬವನ್ನು ಯಾರೂ ಹೇಳಲಿಲ್ಲ. ಸಂಪ್ ಇಲ್ಲದವರು ಹಿಂಬದಿಗೆ ನೇತುಹಾಕುವ ಪೆಟ್ಟಿಗೆಯಲ್ಲೂ ಬೆಳೆಸಬಹುದು. ದೀಪವನ್ನು ರಾತ್ರಿ ಉರಿಸಿ ಬೆಳೆದದ್ದನ್ನು ಹಿಂಡಿ ಎಸೆದರೆ ಅಷ್ಟು ನೈಟ್ರೇಟ್ ಹೊರಗೆ. ಕಾಲೆರ್ಪಾ ಪಾಚಿ ಮಾತ್ರ ಬೇಡ. ಒಂದು ರಾತ್ರಿ ಲಿಂಗಾಣು ಬಿಟ್ಟು ಕರಗಿ, ತಿಂದದ್ದನ್ನೆಲ್ಲ ವಾಪಸು ಕಕ್ಕಿಬಿಡುತ್ತದೆ.

ಉಪ್ಪುತೊಟ್ಟಿ, ಬೆಂಗಳೂರು

ಕೆಲ ತಿಂಗಳುಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ. ಮೊದಲು ಹಾಕಿಸಿದ್ದು ಡಿಐ. ನೀರಿನ ಟಿಡಿಎಸ್ ಈಗ ಸೊನ್ನೆ. ವಾರಕ್ಕೆ ಶೇ 20 ಬದಲಾಯಿಸುತ್ತಿದ್ದೇನೆ, ಅಂದರೆ 40 ಲೀಟರ್, ಒಂದೂವರೆ ಕಿಲೋ ಉಪ್ಪು. ಮಗಳಿಗೆ ಸಣ್ಣ ಚಮಚ ಕೊಟ್ಟಿದ್ದೇನೆ, ತೂಗಿದ್ದೂ ಅವಳೇ. ಕಾಳು ಅರ್ಧಕ್ಕಿಳಿಯಿತು, ಟ್ಯಾಂಗ್‌ಗೆ ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ಕಟ್ಟುತ್ತೇನೆ, ತಿನ್ನದೆ ಉಳಿದದ್ದನ್ನು ತೆಗೆಯುತ್ತೇನೆ. ಹೊಸ ಕಲ್ಲು ಬಂದಿದೆ, ಕ್ಯಾನಿಸ್ಟರ್‌ನಲ್ಲಿ ಉಂಗುರ ಅರ್ಧ ಉಳಿದಿದೆ. ಸ್ಕಿಮ್ಮರ್ ಕೊನೆಗೆ ಬಂತು. ನೈಟ್ರೇಟ್ ಈಗ 15. ಫಾಸ್ಫೇಟ್ ಮಾತ್ರ 0.2ರಿಂದ ಕೆಳಗಿಳಿಯುತ್ತಿಲ್ಲ, ಕೂದಲು ಪಾಚಿಯೂ ಪೂರ್ತಿ ಹೋಗಿಲ್ಲ. ಲೆದರ್ ಅರಳಿದೆ.

ಒಂದು ಪ್ರಶ್ನೆ: ನಿನ್ನೆ ಸಂಜೆ ಕಲ್ಲು ಸರಿಪಡಿಸಲು ಕೈ ಹಾಕಿದ ಮೇಲೆ ಸ್ಕಿಮ್ಮರ್ ನೊರೆಯೇ ಬರುತ್ತಿಲ್ಲ. ಹಾಳಾಯಿತೇ?

ಸ್ಕಿಮ್ಮರ್ ಭಕ್ತ, ಮೈಸೂರು

ಹಾಳಾಗಿಲ್ಲ. ಕೈಯ ಎಣ್ಣೆ, ಮೈಸಿಸ್ ಕರಗಿಸಿದ ನೀರಿನ ಕೊಬ್ಬು ಸಿಕ್ಕರೆ ಗುಳ್ಳೆ ಒಡೆದು ನೊರೆ ಕುಸಿಯುತ್ತದೆ. ಬೆಳಿಗ್ಗೆಗೆ ತಾನೇ ಏಳುತ್ತದೆ. ಈ ಮಧ್ಯೆ ಹೊಂದಿಸುವ ತಿರುಪನ್ನು ತಿರುಗಿಸಲು ಹೋಗಬೇಡಿ, ಎದ್ದಾಗ ಉಕ್ಕಿ ನೆಲಕ್ಕೆ ಬರುತ್ತದೆ, ಕೆಳಗೆ ಮಾಲೀಕರಿದ್ದಾರೆ. ಬಟ್ಟಲಿನ ಕುತ್ತಿಗೆಯ ಜಿಡ್ಡನ್ನು ವಾರಕ್ಕೆರಡು ಸಲ ಒರೆಸಿ. ಬಟ್ಟಲಲ್ಲಿ ಕಡು ಚಹಾ ಬಣ್ಣ ಬಂದರೆ ಹೊಂದಾಣಿಕೆ ಸರಿಯಿದೆ.

ಲೆಕ್ಕದ ಪುಸ್ತಕ, ಹುಬ್ಬಳ್ಳಿ

ಸ್ಕಿಮ್ಮರ್ ಬರುವ ಮೊದಲು ನೈಟ್ರೇಟ್ ಎಷ್ಟಿತ್ತು, ಅದನ್ನು ಹೇಳಿ.

ಉಪ್ಪುತೊಟ್ಟಿ, ಬೆಂಗಳೂರು

20, ಸರ್.

ಹಳೇ ಗಾಜು, ಬೆಂಗಳೂರು

ಭಕ್ತರೇ, ಕೇಳಿಸಿತೇ?

ಸ್ಕಿಮ್ಮರ್ ಭಕ್ತ, ಮೈಸೂರು

ಕೇಳಿಸಿತು. ಬಟ್ಟಲಿನಲ್ಲಿ ಬಿದ್ದದ್ದನ್ನು ಒಮ್ಮೆ ಮೂಸಿ ನೋಡಿ, ಆಮೇಲೆ ಮಾತಾಡೋಣ.

ಪುಟ್ಟ ತೊಟ್ಟಿ, ಶಿವಮೊಗ್ಗ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು 40 ಲೀಟರ್, ಒಂದು ಗೋಬಿ ಮೀನು, ನಾಲ್ಕಾರು ಝೋವಾಂತಿಡ್. ನನಗೂ ಇಷ್ಟೆಲ್ಲ ಬೇಕೇ?

ಕಡಲತಡಿ, ಮಂಗಳೂರು

ಬೇಡ. ವಾರಕ್ಕೆ 8 ಲೀಟರ್ ನೀರು ಬದಲಾಯಿಸಿ, ಸುಮಾರು 300 ಗ್ರಾಂ ಉಪ್ಪು ಹಿಡಿಯುತ್ತದೆ. ಸ್ಪಂಜಿದ್ದರೆ ತೆಗೆದ ನೀರಿನಲ್ಲೇ ಅದನ್ನೂ ಹಿಂಡಿ ತೊಳೆಯಿರಿ. ಆವಿಯಾದಷ್ಟು ಸಿಹಿನೀರನ್ನು ದಿನವೂ ತುಂಬಿ, ಅಷ್ಟು ಸಣ್ಣ ತೊಟ್ಟಿಯಲ್ಲಿ ಒಂದು ದಿನ ಮರೆತರೂ ಉಪ್ಪು ಏರುತ್ತದೆ. ನೀರು ಸೊನ್ನೆ ಟಿಡಿಎಸ್‌ದೇ ಇರಲಿ. ತಿಂಗಳಿಗೆ ಬೇಕಾಗುವ ಅಷ್ಟಿಷ್ಟು ಲೀಟರಿಗೆ ಯಂತ್ರ ಕೊಳ್ಳುವ ಬದಲು ಡಿಸ್ಟಿಲ್ಡ್ ನೀರಿನ ಕ್ಯಾನ್ ತಂದರೂ ನಡೆಯುತ್ತದೆ, ಮೀಟರ್ ಹಾಕಿ ನೋಡಿಕೊಂಡು ತನ್ನಿ.